ಒಂದೇ ಗಾಜು, ಎರಡು ಸಲ

ಜನವರಿ ೮

ತಮ್ಮಾ,

ನೀನು ಸುಖವಾಗಿ ಮನೆ ಮುಟ್ಟಿದ ಸುದ್ದಿ ಬಂತು. ಫೋನ್ ಇರುವಾಗ ಈ ಅಕ್ಕ ಯಾಕೆ ಕಾಗದ ಬರೆಯುತ್ತಾಳೆ ಅಂತ ನಗಬೇಡ. ಡಯಾಲಿಸಿಸ್ ಕುರ್ಚಿಯಲ್ಲಿ ಕೂತರೆ ಅರ್ಧ ದಿನ ಹೋಗಿಬಿಡುತ್ತದೆ. ಎಡಗೈ ಯಂತ್ರದ ಪಾಲು, ಬಲಗೈ ನನ್ನ ಪಾಲು. ಫೋನಿನಲ್ಲಿ ಮಾತಾಡೋಣವೆಂದರೆ ಅಕ್ಕಪಕ್ಕದ ಕುರ್ಚಿಯವರೆಲ್ಲ ಕಣ್ಣು ಮುಚ್ಚಿ ಕಿವಿ ತೆರೆದಿರುತ್ತಾರೆ. ಪಾಪ, ಅವರಿಗೂ ಹೊತ್ತು ಹೋಗಬೇಡವೇ?

ನಿನ್ನ ರಕ್ತ ನನ್ನದಕ್ಕೆ ಹೊಂದುತ್ತದೆ ಅಂತ ಡಾಕ್ಟರು ಹೇಳಿದಾಗ ಪರೀಕ್ಷೆ ಪಾಸಾದವನ ಹಾಗೆ ಹಲ್ಲು ಬಿಟ್ಟೆಯಲ್ಲ, ಅದನ್ನು ನೆನೆದು ಈಗಲೂ ನಗು ಬರುತ್ತದೆ. "ಒಂದು ಕಿಡ್ನಿ ನೀನಿಟ್ಕೊ ಅಕ್ಕ, ನಂಗೆ ಇನ್ನೊಂದು ಸಾಕು" ಅಂದೆ. ಮನೆಯಲ್ಲಿ ಎರಡು ಕೊಡೆಯಿದ್ದರೆ ಒಂದು ತೆಗೆದು ಕೊಡುವವನ ಹಾಗೆ! ಆ ಡಾಕ್ಟರಿಗೂ ನಗು ತಡೆಯಲಾಗಲಿಲ್ಲ.

ನಾನು ವಾರದಲ್ಲಿ ಉಳಿದ ದಿನ ಕನ್ನಡಕದ ಅಂಗಡಿಗೆ ಹೋಗುತ್ತಿದ್ದೇನೆ. ಕತ್ತಲೆ ಕೋಣೆಯಲ್ಲಿ ಕೂತು "ಈ ಗಾಜು ಸ್ಪಷ್ಟಾನಾ, ಆ ಗಾಜಾ?" ಅಂತ ಕೇಳುವುದಕ್ಕೆ ಕಿಡ್ನಿ ಏನೂ ಬೇಕಾಗಿಲ್ಲ.

ಈಗ ಮುಖ್ಯ ವಿಷಯ. ಆಪರೇಷನ್ನು ಬೇಸಿಗೆ ಕೊನೆಗೆ ಇಟ್ಟುಕೊಳ್ಳಬಹುದಂತೆ. ಅಷ್ಟರಲ್ಲಿ ನಿನ್ನ ಈಜುಕೊಳದ ಕೆಲಸವೂ ಮುಗಿದಿರುತ್ತದೆ. ಬೇಸಿಗೆಯೇ ನಿನಗೆ ಅನುಕೂಲ ಅಲ್ಲವೇ? ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು. ನಿನ್ನಿಂದ ಉದ್ದದ ಕಾಗದ ನಿರೀಕ್ಷಿಸುವಷ್ಟು ದಡ್ಡಿ ನಾನಲ್ಲ.

ನಿನ್ನ ಅಕ್ಕ


ಜನವರಿ ೧೭

ಅಕ್ಕಾ,

ಹೌದು. ಬೇಸಿಗೆ ಕೊನೆ ಅನುಕೂಲ.

ಉದ್ದ ಬರೆಯೋದಿಲ್ಲ ಅಂದೆಯಲ್ಲ, ಅದಕ್ಕೇ ಬರೆಯುತ್ತೇನೆ. ಕೊಳದ ತಳ ಮುಗಿದಿದೆ. ಈಗ ಗೋಡೆಗೆ ಟೈಲ್ಸ್ ಕೂರಿಸುತ್ತಿದ್ದೇವೆ, ನೀಲಿ ಬಣ್ಣದವು. ಮಗಳು ಬಂದು ನೋಡಿ, "ಅಪ್ಪಾ, ನೀರೇ ಇಲ್ಲ, ಆಗ್ಲೇ ನೀರು ಇದ್ದಂಗಿದೆ" ಅಂದಳು. ನಾನು ದಿನವಿಡೀ ತಟ್ಟುತ್ತ ಹೋಗುತ್ತೇನೆ. ಒಂದೊಂದು ಟೈಲನ್ನೂ ನಾಲ್ಕು ಮೂಲೆಯಲ್ಲಿ ತಟ್ಟಬೇಕು, ನಡುವೆಯೂ ತಟ್ಟಬೇಕು. ಸದ್ದು ಪೊಳ್ಳೋ ಗಟ್ಟಿಯೋ, ಎರಡರಲ್ಲಿ ಒಂದು. ಒಂದು ಮೂಲೆ ಪೊಳ್ಳಾದರೂ ಕಿತ್ತು ಮತ್ತೆ ಕೂರಿಸಬೇಕು. ಇಲ್ಲದಿದ್ದರೆ ನೀರು ಒಳಗೆ ಸೇರಿಕೊಳ್ಳುತ್ತದೆ.

ನನ್ನವಳು ನಿನ್ನನ್ನು ಕೇಳಿದೆ ಅಂತ ಹೇಳಿ ಅಂದಳು. ಹೇಳಿದ್ದೇನೆ.

ತಮ್ಮ


ಜನವರಿ ೨೫

ತಮ್ಮಾ,

ಡಾಕ್ಟರು ಮತ್ತೆ ಲೆಕ್ಕ ಹಾಕುತ್ತಿದ್ದಾರೆ. ಬೇಸಿಗೆಯಲ್ಲಿ ಗಾಯ ಬೇಗ ಒಣಗುವುದಿಲ್ಲ, ನಿನಗೂ ಆಗಲೇ ಕೆಲಸ ಹೆಚ್ಚು. ಅದರ ಬದಲು ಚಳಿ ಮುಗಿಯುವ ಮುಂಚೆ, ಬರುವ ತಿಂಗಳೇ ಮಾಡಿಬಿಟ್ಟರೆ ನಿನಗೆ ಅನುಕೂಲ ಅಲ್ಲವೇ? ಕೊಳದ ಕೆಲಸ ಅರ್ಧಕ್ಕೆ ಬಿಡಬೇಕಾಗುತ್ತದೆ ಅನ್ನುವುದು ಗೊತ್ತು. ಚೆನ್ನಾಗಿ ಯೋಚಿಸಿ ಹೌದೋ ಇಲ್ಲವೋ ಹೇಳು.

ಅಕ್ಕ


ಫೆಬ್ರವರಿ ೧

ಅಕ್ಕಾ,

ಹೌದು, ಅದೇ ಒಳ್ಳೆಯದು. ನೀನಂದ ಹಾಗೆ ಈ ತಿಂಗಳೇ ಆಗಲಿ. ಕೊಳ ಎಲ್ಲಿಗೂ ಓಡಿಹೋಗುವುದಿಲ್ಲ.

ಕೊನೆಯ ಪರೀಕ್ಷೆಗಳಿಗೆ ಮುಂದಿನ ವಾರ ಬರುತ್ತೇನೆ. ಯಾರೋ ಕೌನ್ಸೆಲರ್ ಮೇಡಂ ನನ್ನನ್ನು ಒಬ್ಬನನ್ನೇ ಕೂರಿಸಿ ಮಾತಾಡಿಸಬೇಕಂತೆ. ನಿನ್ನನ್ನೂ ಒಬ್ಬಳನ್ನೇ ಕೂರಿಸುತ್ತಾರಂತೆ. ಏನು ಕೇಳುತ್ತಾರೋ! ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗುವಾಗ ನೀನೇ ಜೊತೆಗೆ ಬರುತ್ತಿದ್ದೆ. ಈಗ ಒಬ್ಬನೇ ಹೋಗಬೇಕು.

ತಮ್ಮ


ಫೆಬ್ರವರಿ ೨೨

ಪ್ರೀತಿಯ ತಮ್ಮನಿಗೆ,

ಆಸ್ಪತ್ರೆಯವರು ನಿನಗೂ ತಿಳಿಸಿರುತ್ತಾರೆ. "ಈ ಜೋಡಿಯನ್ನು ನಾವು ಮುಂದುವರಿಸುತ್ತಿಲ್ಲ." ಅಷ್ಟೇ ಹೇಳಿದರು. ಯಾಕೆ ಅಂತ ಕೇಳಿದರೆ ಹೇಳುವ ಪದ್ಧತಿ ಅವರಲ್ಲಿ ಇಲ್ಲ.

ಹೋಗಲಿ ಬಿಡು. ನೀನು ಬೇಸರ ಮಾಡಿಕೊಳ್ಳಬೇಡ. ಇದರಲ್ಲಿ ನಿನ್ನ ತಪ್ಪು ಒಂದಿಷ್ಟೂ ಇಲ್ಲ. ದೇಹದ ವಿಷಯ, ಮನಸ್ಸಿನ ವಿಷಯ, ಯಾವುದೂ ನಮ್ಮ ಕೈಯಲ್ಲಿಲ್ಲ. ನಾನು ಆರಾಮಾಗಿದ್ದೇನೆ. ಬೇರೆಯವರಿಂದ ಬರುವ ಕಿಡ್ನಿಗೆ ಸರದಿಯಲ್ಲಿ ನನ್ನ ಹೆಸರೂ ಇದೆ. ಯಂತ್ರದ ಜೊತೆ ಸ್ನೇಹವೂ ಆಗಿದೆ.

ಕೊಳದ ಕೆಲಸ ನೆಮ್ಮದಿಯಾಗಿ ಮುಗಿಸು.

ನಿನ್ನ ಅಕ್ಕ


ಮಾರ್ಚ್ ೩

ಅಕ್ಕಾ,

ನನಗೂ ಅದೇ ಮಾತು ಹೇಳಿದರು. ಕೆಲಸಕ್ಕೆ ಹೋದೆ, ಒಂದು ಸಾಲು ಟೈಲ್ಸ್ ಓರೆಯಾಗಿ ಕೂರಿಸಿ ಮತ್ತೆ ಕಿತ್ತೆ.

ನನ್ನ ದೇಹದಲ್ಲಿ ಏನೋ ಕೆಟ್ಟಿರಬೇಕು. ನನ್ನವಳು ಗಾಬರಿಯಾಗಿದ್ದಾಳೆ.

ತಮ್ಮ


ಮಾರ್ಚ್ ೧೨

ಪ್ರೀತಿಯ ತಮ್ಮಾ,

ಅಯ್ಯೋ, ನಿನ್ನ ದೇಹಕ್ಕೆ ಏನೂ ಆಗಿಲ್ಲ! ನಿನ್ನವಳಿಗೆ ಹೇಳು, ಗಾಬರಿ ಬೇಡ. ನನಗೆ ಹೇಗೆ ಗೊತ್ತು ಅನ್ನುತ್ತೀಯಾ? ಕುದುರೆಯ ಹಾಗಿದ್ದೀಯ, ಅದಕ್ಕೆ ಡಾಕ್ಟರೇ ಬೇಕಾ?

ಈ ಕಾಗದದ ಜೊತೆ ಮಗಳಿಗೆ ಒಂದು ಕನ್ನಡಕದ ಫ್ರೇಮ್ ಕಳಿಸುತ್ತಿದ್ದೇನೆ, ಕೆಂಪು. ಕಳೆದ ಸಲ ಅವಳ ಕಣ್ಣು ನೋಡಿದಾಗಲೇ ಅಂದುಕೊಂಡಿದ್ದೆ. ನಿನಗೊಂದು ಬೆಚ್ಚನೆಯ ಅಂಗಿ ಇದೆ. ಮೊಣಕಾಲಿಗೆ ಕಟ್ಟಿಕೊಳ್ಳುವ ಮೆತ್ತೆಯೂ ಇದೆ, ನೆಲದ ಮೇಲೆ ಮಂಡಿಯೂರಿ ಕೂರುತ್ತೀಯಲ್ಲ ದಿನಾ.

ನೋಡು, ಯಾರಿಗೂ ಯಾವುದಕ್ಕೂ ಬೇಸರವಿಲ್ಲ. ಮನುಷ್ಯ ಬೇಡ ಅಂದುಕೊಂಡರೆ ಅದಕ್ಕೂ ಅವನಿಗೆ ಹಕ್ಕಿದೆ. ನಾವಿಬ್ಬರೂ ಮೊದಲಿನ ಹಾಗೆಯೇ ಇರೋಣ.

ಅಕ್ಕ

(ಅಕ್ಷರ ನೋಡಿ ನಗಬೇಡ, ಕುರ್ಚಿ ಅಲ್ಲಾಡುತ್ತಿತ್ತು.)


ಮಾರ್ಚ್ ೨೦

ಅಕ್ಕಾ,

ನಿನ್ನ ಅಂಗಿ ಬಂತು. ನಾನು ಅದನ್ನು ಹಾಕಿಕೊಳ್ಳುವುದಿಲ್ಲ.

ಈಗ ಬಾಯಿಬಿಟ್ಟು ಹೇಳಿಬಿಡುತ್ತೇನೆ. ನಾನು ಬೇಡ ಅಂದೆ ಅಂತ ನೀನು ತಿಳಿದುಕೊಂಡಿದ್ದೀಯ. ತಿಳಿದುಕೊಂಡು ಕ್ಷಮಿಸಿದ್ದೀಯ. "ಬೇಡ ಅಂದುಕೊಂಡರೆ ಅವನಿಗೆ ಹಕ್ಕಿದೆ" ಅಂತ ಬರೆದಿದ್ದೀಯ. ನಾನೇನು ಮಗುವೇ, ಅರ್ಥವಾಗದೇ ಇರಲು? ಅಕ್ಕ, ಬೈದಿದ್ದರೆ ಚೆನ್ನಾಗಿತ್ತು. ನಿನ್ನ ಬೈಗುಳ ನನಗೆ ಅಭ್ಯಾಸ. ಈ ಮೆತ್ತನೆಯ ಮಾತು ತಡೆಯಲಾಗುತ್ತಿಲ್ಲ.

ಆ ಕೋಣೆಯಲ್ಲಿ ನಡೆದದ್ದು ಹೇಳುತ್ತೇನೆ ಕೇಳು. ಚಿಕ್ಕ ಕೋಣೆ, ಎರಡು ಕುರ್ಚಿ, ಕಿಟಕಿಯ ಹತ್ತಿರ ಕುಂಡದಲ್ಲಿ ಒಂದು ಗಿಡ. ಮೇಡಂ ಬಾಗಿಲು ಹಾಕಿದರು. "ನೋಡಿ, ಇಲ್ಲಿ ನೀವು ಬೇಡ ಅಂದ್ರೆ ಯಾಕೆ ಅಂತ ಯಾರೂ ಕೇಳಲ್ಲ. ನಾವು ಹೊರಗೆ ಹೇಳೋದು ಒಂದೇ ಮಾತು, ಮುಂದುವರಿಸ್ತಿಲ್ಲ ಅಂತ. ದೇಹ ಸರಿ ಇಲ್ಲದಿದ್ರೂ ಅದೇ ಮಾತು, ಮನಸ್ಸು ಸರಿ ಇಲ್ಲದಿದ್ರೂ ಅದೇ ಮಾತು. ನಿಮ್ಮ ಅಕ್ಕಂಗೆ ಯಾವತ್ತೂ ಗೊತ್ತಾಗಲ್ಲ" ಅಂದರು. ಆಮೇಲೆ, "ಸ್ವಂತ ಇಷ್ಟದಿಂದ ಕೊಡ್ತಿದ್ದೀರಾ? ಹೌದು, ಇಲ್ಲ, ಅಷ್ಟು ಹೇಳಿ" ಅಂತ ಕೇಳಿದರು.

ನಾನು ಹೌದು ಅಂದೆ. ಅವರು ಇನ್ನೊಂದು ಸಲ ಕೇಳಿದರು, ಇನ್ನೊಂದು ಸಲ ಹೌದು ಅಂದೆ.

ಈ ಒಂದು ಮಾತನ್ನು ನಿನಗೆ ನಂಬಿಸುವುದು ಹೇಗೆ ಅಂತ ಗೊತ್ತಿಲ್ಲ. ಬೇಡ ಅಂದವನೂ ಹೀಗೇ ಬರೆಯುತ್ತಾನಲ್ಲ! ಅದಕ್ಕೆ ನನ್ನ ದೇಹದ ಕಾಗದಗಳನ್ನೆಲ್ಲ ಆಸ್ಪತ್ರೆಯಿಂದ ತರಿಸುತ್ತೇನೆ. ಅವು ನನ್ನವು, ಕೇಳಿದರೆ ಕೊಡಲೇಬೇಕಂತೆ. ಕೆಟ್ಟಿದ್ದು ನನ್ನ ದೇಹ, ಮನಸ್ಸಲ್ಲ ಅಂತ ನೀನೇ ಕಣ್ಣಾರೆ ನೋಡು.

ತಮ್ಮ


ಮಾರ್ಚ್ ೨೭

ತಮ್ಮಾ,

ದಯವಿಟ್ಟು ಯಾವ ಕಾಗದವನ್ನೂ ತರಿಸಬೇಡ. ನೀನು ಬೇಡ ಅಂದೆ ಅಂತ ನಾನು ಕನಸಿನಲ್ಲೂ ತಿಳಿದಿಲ್ಲ. ನನ್ನಾಣೆ. ಇದನ್ನು ಇಲ್ಲಿಗೆ ಬಿಟ್ಟುಬಿಡು.

ಅಕ್ಕ


ಏಪ್ರಿಲ್ ೧೫

ಅಕ್ಕಾ,

ಕಾಗದಗಳು ಬಂದವು. ಇಲ್ಲಿಯ ಡಾಕ್ಟರಿಗೆ ತೋರಿಸಿದೆ. ಅವರು ಒಂದೊಂದೇ ಹಾಳೆ ತಿರುವಿ, ಕೊನೆಗೆ ಕನ್ನಡಕ ತೆಗೆದು, "ಏನ್ರೀ, ಕೊಡೋಕೆ ಇದಕ್ಕಿಂತ ಒಳ್ಳೆ ಕಿಡ್ನಿ ಎಲ್ಲಿ ಸಿಗುತ್ತೆ?" ಅಂದರು. ನಿನ್ನ ರಕ್ತದ ಜೊತೆ ಮಾಡಿದ ಕೊನೆಯ ಹೊಂದಾಣಿಕೆ ಪರೀಕ್ಷೆಯೂ ಸರಿಯಾಗಿದೆ.

ಡಾಕ್ಟರ ಕ್ಲಿನಿಕ್ಕಿನಿಂದ ಇಳಿದು ಬರುವಾಗ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ದೇಹ ಬೇಡ ಅಂದಿಲ್ಲ. ನಾನು ಬೇಡ ಅಂದಿಲ್ಲ. ಆ ಕೋಣೆಯಲ್ಲಿ ಇನ್ನೊಂದು ದಿನ ಇನ್ನೊಬ್ಬರು ಕೂತಿದ್ದರು ಅನ್ನುವುದು ಅಲ್ಲಿಯವರೆಗೆ ನನ್ನ ಮಂಡೆಗೆ ಹೊಳೆದೇ ಇರಲಿಲ್ಲ. ಜೀವ ಉಳಿಯುವುದನ್ನು ಯಾರಾದರೂ ಬೇಡ ಅನ್ನುತ್ತಾರೆಯೇ?

ಪ್ರಶ್ನೆ ಒಂದೇ. ಬೇಡ ಅಂದವಳು ನೀನೇನಾ? ಹೌದು ಅಥವಾ ಇಲ್ಲ.

ಇನ್ನೊಂದು. ಎರಡು ಕಾಗದದಿಂದ ನಿನ್ನ ಸಾಲುಗಳು ಬಲಕ್ಕೆ ಇಳಿಯುತ್ತಿವೆ. ದಿನವಿಡೀ ರಸಮಟ್ಟ ಇಟ್ಟು ಸಾಲು ಓರೆಯೋ ನೇರವೋ ನೋಡಿ ಬದುಕುವವನಿಗೆ ಕುರ್ಚಿ ಅಲ್ಲಾಡಿತು ಅಂತ ಕತೆ ಹೇಳಬೇಡ.

ತಮ್ಮ


ಏಪ್ರಿಲ್ ೨೬

ತಮ್ಮಾ,

ಹೌದು.

ಇಷ್ಟು ಬರೆದು ನಿಲ್ಲಿಸಬೇಕು ಅಂದುಕೊಂಡಿದ್ದೆ. ನೀನು ಮೆಟ್ಟಿಲ ಮೇಲೆ ಕೂತದ್ದು ಕಣ್ಣಿಗೆ ಕಟ್ಟಿ ಆಗಲಿಲ್ಲ.

ಅಕ್ಷರದ ವಿಷಯ ಮೊದಲು. ಎಡಗೈಯ ರಕ್ತನಾಳ ಕಟ್ಟಿಕೊಂಡಿತು. ಈಗ ಬಲಗೈಗೆ ಸೂಜಿ, ಬರೆಯುವುದು ಎಡಗೈಯಲ್ಲಿ. ಬಲಗೈಯದೂ ಎಷ್ಟು ಕಾಲ ಬರುತ್ತದೋ ಹೇಳಲಾಗದು ಅನ್ನುತ್ತಾರೆ. ಸರದಿ ಉದ್ದವಿದೆ. ಹೇಳಬಾರದು ಅಂತ ಇದ್ದೆ, ಹೇಳಿದೆ.

ಈಗ ನಾನು ಯಾಕೆ ಬೇಡ ಅಂದೆ ಅನ್ನುವುದು. ನನ್ನ ಕೆಲಸದಲ್ಲಿ ಒಂದು ಉಪಾಯವಿದೆ. ಕೆಲವರು ಬಹಳ ಒಳ್ಳೆಯ ಜನ, ನಾನು ಯಾವ ಗಾಜು ಹಾಕಿದರೂ "ಹೂಂ, ಚೆನ್ನಾಗಿದೆ" ಅನ್ನುತ್ತಾರೆ. ಅವರಿಗೆ ಕಾಣುವುದಕ್ಕಿಂತ ನನಗೆ ಬೇಸರವಾಗದಿರುವುದು ಮುಖ್ಯ. ಅಂಥವರಿಗೆ ನಾನು ಗಾಜು ತೆಗೆದಂತೆ ಮಾಡಿ ಅದೇ ಗಾಜನ್ನು ಇನ್ನೊಂದು ಸಲ ಹಾಕುತ್ತೇನೆ. "ಈಗ ಇನ್ನೂ ಸ್ಪಷ್ಟ ಅಲ್ವಾ?" ಅಂದರೆ, "ಹೌದು, ಇನ್ನೂ ಸ್ಪಷ್ಟ" ಅನ್ನುತ್ತಾರೆ. ಅಲ್ಲಿಗೆ ಅವರ ಹೌದನ್ನು ನಂಬುವುದು ಬಿಡುತ್ತೇನೆ.

ಜನವರಿಯಲ್ಲಿ ನಿನಗೂ ಅದನ್ನೇ ಮಾಡಿದೆ. ದಿನ ಗೊತ್ತುಮಾಡಲು ಡಾಕ್ಟರು ಹೇಳಿಯೇ ಇರಲಿಲ್ಲ. ಬೇಸಿಗೆ ಅನುಕೂಲವೇ ಅಂತ ಕೇಳಿದೆ, ನೀನು ಹೌದು ಅಂದೆ. ಚಳಿಗಾಲವೇ ಅನುಕೂಲ ಅಲ್ಲವೇ ಅಂತ ತಿರುಗಿಸಿ ಕೇಳಿದೆ, ಅದಕ್ಕೂ ಹೌದು ಅಂದೆ. ನೀನು ಯಾವತ್ತಾದರೂ ನನಗೆ ಇಲ್ಲ ಅಂದದ್ದು ಉಂಟಾ? ಟೈಲ್ಸ್ ಕೆಲಸ ಕಲಿ ಅಂದೆ, ಹೂಂ ಅಕ್ಕ. ಈ ಹುಡುಗಿ ಚೆನ್ನಾಗಿದ್ದಾಳೆ, ಮದುವೆಯಾಗು ಅಂದೆ, ಹೂಂ ಅಕ್ಕ. ಚಿಕ್ಕಂದಿನಲ್ಲಿ ಅಮ್ಮ ಕೆಲಸಕ್ಕೆ ಹೋದಾಗಿಂದ ಸಂಜೆಯವರೆಗೆ ನಾನು ಹೇಳಿದ್ದೇ ನಿನಗೆ ಕಾನೂನು. ನನಗೆ ಮದುವೆ ಬೇಡ, ಯಾರ ಹಂಗೂ ಬೇಡ ಅಂತ ಮನೆಯ ಇಲ್ಲಗಳನ್ನೆಲ್ಲ ನಾನೇ ಹೇಳಿ ಮುಗಿಸಿಬಿಟ್ಟೆ. ನಿನಗೆ ಹೌದುಗಳೇ ಉಳಿದವು.

ಇಲ್ಲ ಅನ್ನಲು ಬಾರದವನು ಕೊಟ್ಟ ಕಿಡ್ನಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ನಾನು ಹೇಗೆ ಮಲಗಲಿ? ನಿನಗೊಂದು ಮಗಳಿದ್ದಾಳೆ. ಅದಕ್ಕೇ ನಿನ್ನ ಪರವಾಗಿ ಆ ಕೋಣೆಯಲ್ಲಿ ನಾನೇ ಇಲ್ಲ ಅಂದೆ. ನಿನಗೆ ಅದು ದೇಹದ ತೊಂದರೆ ಅನ್ನಿಸಿ ಸುಮ್ಮನಾಗುತ್ತೀ ಅಂದುಕೊಂಡಿದ್ದೆ. ನೀನು ತಪ್ಪಿತಸ್ಥನ ಹಾಗೆ ಒದ್ದಾಡುತ್ತೀ ಅಂತ ಹೊಳೆಯಲಿಲ್ಲ. ಅಂಗಿ, ಮೆತ್ತೆ ಎಲ್ಲ ನನ್ನ ಸಂಕಟಕ್ಕೆ ಕಳಿಸಿದ್ದು ಕಣೋ, ನಿನ್ನನ್ನು ಕ್ಷಮಿಸಲು ಅಲ್ಲ. ನಾನು ಜಾಣೆ ಅಂದುಕೊಂಡು ನಿನಗೆ ನೋವು ಕೊಟ್ಟೆ.

ಆದರೂ ನನ್ನ ತೀರ್ಮಾನ ಅದೇ. ನೀನು ಬರಬೇಡ. ಆಸ್ಪತ್ರೆಯವರನ್ನು ಕೇಳಬೇಡ. ಈ ಒಂದು ಸಲ ಅಕ್ಕನ ಮಾತು ಕೇಳುತ್ತೀಯಾ? ಹೌದು ಅಥವಾ ಇಲ್ಲ.

ಅಕ್ಕ


ಮೇ ೪

ಅಕ್ಕಾ,

ಇಲ್ಲ.

ಬರೆದು ನೋಡಿದೆ. ಏನೂ ಆಗಲಿಲ್ಲ. ಇನ್ನೊಂದು ಸಲ ಬರೆಯುತ್ತೇನೆ. ಇಲ್ಲ, ನಿನ್ನ ಮಾತು ಕೇಳುವುದಿಲ್ಲ.

ನಿನ್ನ ಗಾಜಿನ ಪರೀಕ್ಷೆ ನಿನ್ನ ಅಂಗಡಿಗೆ ಸರಿ. ನೀನು ಬೇಸಿಗೆ ಅಂದೆ, ಚಳಿಗಾಲ ಅಂದೆ. ನನಗೆ ಎರಡೂ ಒಂದೇ ಆಗಿತ್ತು. ಕೊಡುವುದು ನಿಶ್ಚಯವಾದ ಮೇಲೆ ಯಾವ ತಿಂಗಳಾದರೇನು? ಒಂದೇ ಗಾಜನ್ನು ಎರಡು ಸಲ ಹಾಕಿದರೆ ಎರಡು ಸಲವೂ ಒಂದೇ ರೀತಿ ಕಂಡೀತು. ಅದರಲ್ಲಿ ನೋಡುವವನ ತಪ್ಪೇನು?

ನನ್ನ ಕೆಲಸದ ಪರೀಕ್ಷೆಯನ್ನೂ ನಿನಗೆ ಬರೆದಿದ್ದೆ, ನೀನು ಲಕ್ಷ್ಯ ಕೊಡಲಿಲ್ಲ. ಟೈಲನ್ನು ಒಂದು ಮೂಲೆಯಲ್ಲಿ ತಟ್ಟಿ, ಇನ್ನೊಂದು ಮೂಲೆಯಲ್ಲಿ ತಟ್ಟಿ, ಎಲ್ಲ ಕಡೆ ಒಂದೇ ಸದ್ದು ಬಂದರೆ ಅದು ಗಟ್ಟಿ ಕೂತಿದೆ ಅಂತ ಅರ್ಥ. ನೀನು ಎರಡು ಕಡೆ ತಟ್ಟಿದೆ, ಎರಡೂ ಕಡೆ ಹೌದು ಅಂತಲೇ ಬಂತು. ಪೊಳ್ಳು ಅಂತ ಅದು ಹೇಗೆ ತಿಳಿದೆಯೋ!

ಇನ್ನು ಆ ಹುಡುಗಿ. ನೀನು ತೋರಿಸುವುದಕ್ಕೆ ಎಷ್ಟೋ ಮೊದಲೇ ನಾನು ಅವಳನ್ನು ಬಸ್ ನಿಲ್ದಾಣದಲ್ಲಿ ನೋಡಿ ಇಟ್ಟುಕೊಂಡಿದ್ದೆ. ಅವಳ ಅತ್ತೆಯನ್ನು ಹಿಡಿದು ನಿನ್ನ ಕಿವಿಗೆ ವಿಷಯ ಬೀಳುವ ಹಾಗೆ ಮಾಡಿದ್ದೂ ನಾನೇ. ನೀನು ಹುಡುಕಿದೆ ಅನ್ನುವ ಹೆಮ್ಮೆ ನಿನಗಿರಲಿ ಅಂತ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಟೈಲ್ಸ್ ಕೆಲಸವೂ ಅಷ್ಟೇ, ನನಗೆ ಇಷ್ಟವಿತ್ತು. ನಾನು ಹೂಂ ಅಂದದ್ದೆಲ್ಲ ನನಗೆ ಬೇಕಾಗಿದ್ದಕ್ಕೇ ಅಕ್ಕ. ಬೇಡದ್ದಕ್ಕೆ ನಾನು ಕೇಳಿಸದವನ ಹಾಗೆ ಎದ್ದು ಹೋಗಿಬಿಡುತ್ತಿದ್ದೆ. ಹಾಗಲಕಾಯಿ ಪಲ್ಯ ನಾನು ಎಷ್ಟು ಸಲ ತಿಂದಿದ್ದೇನೆ, ನೆನಪು ಮಾಡಿಕೋ.

ನನಗೆ ಭಯ ಇಲ್ಲವೇ ಅಂದರೆ ಇದೆ. ಹೊಟ್ಟೆ ಕೊಯ್ಯುತ್ತಾರೆ ಅಂದರೆ ಯಾರಿಗೆ ಇರುವುದಿಲ್ಲ? ನನ್ನವಳು ಮೊದಲು ಅತ್ತಳು. ಆಮೇಲೆ, "ನಿಮ್ಮಕ್ಕನ ಕೈಗೆ ಇನ್ನೊಂದು ಸೂಜಿ ಚುಚ್ಚೋದು ಬೇಡ, ಹೋಗಿ ಬನ್ನಿ" ಅಂದಳು. ಭಯವೂ ಇದೆ, ಹೌದೂ ಇದೆ. ಎರಡೂ ನನ್ನವೇ.

ಕೊಳಕ್ಕೆ ಮೊನ್ನೆ ನೀರು ಬಿಟ್ಟರು. ಎಲ್ಲೂ ಸೋರಲಿಲ್ಲ. ಮುಂದಿನ ವಾರ ಬರುತ್ತಿದ್ದೇನೆ. ನೀನು ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ, ಈಗ ಅದೂ ಅಭ್ಯಾಸವಾಗಿದೆ.

ತಮ್ಮ


ಮೇ ೧೦

ತಮ್ಮಾ,

ನಿನ್ನ ಇಲ್ಲ ತಲುಪಿತು. ಓದಿ ಮೊದಲು ಸಿಟ್ಟು ಬಂತು. ನನಗೆ ಎದುರಾಡುವಷ್ಟು ಬೆಳೆದನೇ ಇವನು ಅಂತ. ಆಮೇಲೆ ಆ ಬಸ್ ನಿಲ್ದಾಣದ ವಿಷಯ ಓದಿ ಇನ್ನೂ ಸಿಟ್ಟು ಬಂತು. ಆಮೇಲೆ ಅಳು ಬಂತು. ಪಕ್ಕದ ಕುರ್ಚಿಯವರು ಕಣ್ಣು ತೆರೆದೇ ನೋಡಿದರು, ನೋಡಲಿ ಬಿಡು.

ಇವತ್ತು ಆ ಚಿಕ್ಕ ಕೋಣೆಗೆ ಮತ್ತೆ ಹೋಗಿದ್ದೆ. ಕುಂಡದ ಗಿಡ ಚೆನ್ನಾಗಿ ಬಂದಿದೆ. ಮೇಡಂ ಬಾಗಿಲು ಹಾಕಿ, ಹಿಂದಿನ ಸಲ ಬೇಡ ಅಂದವರು ಈಗ ಯಾಕೆ ಬಂದಿರಿ ಅನ್ನುವ ಹಾಗೆ ನೋಡಿದರು.

"ನಿಮ್ಮ ಮೇಲೆ ಯಾರಾದ್ರೂ ಒತ್ತಾಯ ಮಾಡಿದ್ರಾ?" ಅಂದರು.

"ಹೌದು, ನನ್ನ ತಮ್ಮ" ಅಂದೆ.

ಅವರ ಪೆನ್ನು ನಿಂತುಬಿಟ್ಟಿತು. "ಸ್ವಂತ ಇಷ್ಟದಿಂದ ಒಪ್ಪಿಕೊಳ್ತಿದ್ದೀರಾ, ಇಲ್ವಾ?"

"ಅದಕ್ಕೂ ಹೌದು" ಅಂದೆ.

"ಎರಡಕ್ಕೂ ಹೌದು ಅನ್ನೋಕೆ ಆಗಲ್ಲಮ್ಮ" ಅಂದರು.

"ನಮ್ಮ ಮನೇಲಿ ಆಗುತ್ತೆ" ಅಂದೆ.

ಬಾ. ಬಾಗಿಲು ತೆಗೆದಿರುತ್ತದೆ.

ಅಕ್ಕ